ಮಗಳಿಗೆ ಆಟಿಸಂ ಇದೆ ಅಂತ ಯಾರ್ಯಾರಿಗೆ ಹೇಳೋದು?

ತುಂತುರು
ಮಗಳಿಗೆ ನಾಲ್ಕು ವರ್ಷ. ಹೋದ ತಿಂಗಳು ಅಸೆಸ್‌ಮೆಂಟ್ ಮುಗಿದು ಆಟಿಸಂ ಅಂತ ರಿಪೋರ್ಟ್ ಬಂತು. ನನಗೆ ಸ್ವಲ್ಪ ನಿರಾಳವೇ ಆಯಿತು. ಏನೋ ಇದೆ ಅಂತ ನಾನು ಬಡಕೊಳ್ಳುತ್ತಿದ್ದೆ, ಮನೆಯಲ್ಲಿ ಒಬ್ಬರೂ ಒಪ್ಪುತ್ತಿರಲಿಲ್ಲ. ಮಾತು ಬರುತ್ತದಲ್ಲ, ಮತ್ತೇನು ಅನ್ನುತ್ತಿದ್ದರು. ಮಾತೇನೋ ಬರುತ್ತದೆ. ಆದರೆ "ನೀರು ಬೇಕಾ?" ಅಂತ ಕೇಳಿದರೆ ಅವಳೂ "ನೀರು ಬೇಕಾ?" ಅನ್ನುತ್ತಾಳೆ. ಕಾರ್ಟೂನಿನ ಡೈಲಾಗ್ ಉದ್ದಕ್ಕೂ ಒಪ್ಪಿಸುತ್ತಾಳೆ. ಕೈ ಒಣಗಿಸುವ ಮೆಷಿನ್ ಶಬ್ದಕ್ಕೆ ಕಿವಿ ಮುಚ್ಚಿಕೊಂಡು ನೆಲಕ್ಕೆ ಬೀಳುತ್ತಾಳೆ.

ಈಗ ಜಗಳ ಬೇರೆ ವಿಷಯಕ್ಕೆ. ಗಂಡ, ಅತ್ತೆ ಇಬ್ಬರೂ "ಇದು ನಾಲ್ಕು ಗೋಡೆ ಒಳಗೇ ಇರಲಿ" ಅನ್ನುತ್ತಾರೆ. ಹೇಳದೇ ಇದ್ದರೆ ಪಾರ್ಕಿನಲ್ಲಿ ಅವಳು ಕಿರುಚಿದಾಗ "ಎರಡು ಬಿಟ್ಟರೆ ಸರಿಹೋಗ್ತಾಳೆ" ಅಂತ ಪುಕ್ಕಟೆ ಸಲಹೆ. ಹೇಳಿದರೆ "ಅಯ್ಯೋ ಪಾಪ" ಅಂತ ಲೊಚಗುಟ್ಟಿ, ತಮ್ಮ ಮಕ್ಕಳನ್ನು ಮೆಲ್ಲಗೆ ಆ ಕಡೆ ಎಳೆದುಕೊಳ್ಳುತ್ತಾರೆ. ಸ್ಕೂಲಿಗೆ ಸೇರಿಸೋ ಸಮಯ ಹತ್ತಿರ ಬಂತು. ನೀವು ಯಾರ್ಯಾರಿಗೆ ಹೇಳಿದಿರಿ? ಹೇಳಿದ ಮೇಲೆ ಏನಾಯಿತು?

ಎರಡನೇ ಬೆಂಚು
ಎಲ್ಲರಿಗೂ ಹೇಳಿ. ಬಚ್ಚಿಟ್ಟಷ್ಟೂ ಜನ ಅದನ್ನು ಕೆದಕುತ್ತಾರೆ.

ನೇರಮಾತು
ಯಾರಿಗೂ ಹೇಳಬೇಡಿ. ನಾಲ್ಕು ವರ್ಷದ ಕೂಸಿಗೆ ಹಣೆಪಟ್ಟಿ ಬೇಕಾ? ನನ್ನ ತಮ್ಮನಿಗೆ ಮೂರು ದಾಟಿದ ಮೇಲೆ ಮಾತು ಬಂತು, ಈಗ ಅವನ ಬಾಯಿ ಮುಚ್ಚಿಸೋಕೆ ಆಗಲ್ಲ. ಈಗಿನ ಡಾಕ್ಟರುಗಳು ಎಲ್ಲದಕ್ಕೂ ಒಂದು ಹೆಸರು ಇಡುತ್ತಾರೆ. ನಾವು ಚಿಕ್ಕವರಿದ್ದಾಗ ಎಲ್ಲಿತ್ತು ಇದೆಲ್ಲ?

ಹಳೇ ಗಡಿಯಾರ
@ನೇರಮಾತು ಎಲ್ಲಿತ್ತು ಅಂದರೆ, ಇತ್ತು. ಗ್ರುನ್ಯಾ ಸುಖರೇವಾ ಅಂತ ರಷ್ಯಾದ ಡಾಕ್ಟರು 1925ರಲ್ಲೇ ಇಂಥ ಆರು ಹುಡುಗರ ಬಗ್ಗೆ ವಿವರವಾಗಿ ಬರೆದಿದ್ದರು. ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದ ಮೇಲೆ ಹೆಸರು ನಿಂತಿತು. ಅದಕ್ಕೂ ಮುಂಚೆ, ಆಮೇಲೂ ಬಹಳ ಕಾಲ, ಈ ಮಕ್ಕಳನ್ನು "ಬುದ್ಧಿ ಕಮ್ಮಿ", "ಹುಚ್ಚು" ಅಂತ ಒಂದೇ ಮೂಟೆಗೆ ತುಂಬಿ ಸಂಸ್ಥೆಗಳಲ್ಲಿ ಬಿಟ್ಟುಬಿಡುತ್ತಿದ್ದರು. ಮಾತು ಚೆನ್ನಾಗಿದ್ದವರು ಯಾರ ಲೆಕ್ಕಕ್ಕೂ ಸಿಗದೆ "ವಿಚಿತ್ರ ಮನುಷ್ಯ" ಅನ್ನಿಸಿಕೊಂಡು ಬದುಕಿ ಹೋದರು.

ನಿಮ್ಮ ತಮ್ಮನ ವಿಷಯಕ್ಕೆ ಬಂದರೆ, ಮಾತು ತಡವಾದ ಮಾತ್ರಕ್ಕೆ ಆಟಿಸಂ ಅಂತ ಯಾರೂ ಬರೆಯುವುದಿಲ್ಲ. ಇಲ್ಲಿ ಆ ಹುಡುಗಿಗೆ ಮಾತು ಬರುತ್ತದೆ, ಓದಿದಿರಾ?

ನೇರಮಾತು
ಓದಿದೆ. ಹಾಗಾದರೆ ಲೆಕ್ಕ ಇಷ್ಟು ಏರಿದ್ದು ಯಾಕೆ? ಮೊದಲು ನೂರೈವತ್ತಕ್ಕೆ ಒಂದು ಅನ್ನುತ್ತಿದ್ದರು, ಈಗ ಮೂವತ್ತೊಂದಕ್ಕೆ ಒಂದು. ಸುಮ್ನೆ ಏರುತ್ತಾ?

ಹಳೇ ಗಡಿಯಾರ
ಅದು ಅಮೆರಿಕದ ಎಂಟು ವರ್ಷದ ಮಕ್ಕಳ ಲೆಕ್ಕ. 2000ರಲ್ಲಿ 150ಕ್ಕೆ ಒಂದು, 2022ರಲ್ಲಿ 31ಕ್ಕೆ ಒಂದು. ಅದೇ ಲೆಕ್ಕ ಒಂದು ಊರಿಂದ ಇನ್ನೊಂದು ಊರಿಗೆ ಎಷ್ಟೋ ಪಟ್ಟು ಬದಲಾಗುತ್ತದೆ, ಅದನ್ನೂ ನೋಡಿ. ಹುಡುಕುವವರು ಜಾಸ್ತಿ ಇರೋ ಕಡೆ ಸಿಗುವವರೂ ಜಾಸ್ತಿ. ವ್ಯಾಖ್ಯಾನ ಕೂಡ ಅಗಲ ಆಯಿತು. 1980ರಲ್ಲಿ ಅಮೆರಿಕದ ಮನೋವೈದ್ಯರು ಡಯಾಗ್ನೋಸಿಸ್‌ಗೆ ಬಳಸುವ ಡಿಎಸ್‌ಎಂ ಪುಸ್ತಕಕ್ಕೆ ಆಟಿಸಂ ಸೇರಿದಾಗ ಅದು ತೀರಾ ಸಣ್ಣ ಬಾಗಿಲು. 1994ರಲ್ಲಿ ಆಸ್ಪರ್ಜರ್ (ಮಾತು ತಡವಾಗದ ಮಕ್ಕಳಿಗೆ ಕೊಡುತ್ತಿದ್ದ ಹೆಸರು) ಸೇರಿತು, 2013ರಲ್ಲಿ ಎಲ್ಲವನ್ನೂ ಒಂದೇ ಸ್ಪೆಕ್ಟ್ರಂ ಅಂತ ಮಾಡಿದರು. ತಂದೆತಾಯಿಯ ವಯಸ್ಸು ಹೆಚ್ಚಾಗಿದ್ದು, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳು ಈಗ ಉಳಿಯುವುದು, ಇದರದ್ದೂ ಸ್ವಲ್ಪ ಪಾಲು ಇದೆ. ಏರಿಕೆ ಎಲ್ಲಾ ಬರೀ ಲೆಕ್ಕದ ಆಟ ಅಂತ ನಾನು ಹೇಳುತ್ತಿಲ್ಲ. ದೊಡ್ಡ ಪಾಲು ಅದೇ.

ಜೇನುಗೂಡು
ಮೊಬೈಲ್ ಕೊಡೋದು ನಿಲ್ಲಿಸಿ ಮೇಡಂ, ಎಲ್ಲಾ ಸರಿ ಹೋಗುತ್ತೆ. ಇದಕ್ಕೆ ವರ್ಚುವಲ್ ಆಟಿಸಂ ಅಂತಾರೆ. ಕಾರ್ಟೂನ್ ಡೈಲಾಗ್ ಹೇಳ್ತಾಳೆ ಅಂತ ನೀವೇ ಬರೆದಿದ್ದೀರಿ.

ಮಾತಿನ ಕೋಣೆ
ನಾನು ಸ್ಪೀಚ್ ಥೆರಪಿಸ್ಟ್. ಈ ವರ್ಚುವಲ್ ಆಟಿಸಂ ವಿಡಿಯೋಗಳನ್ನು ನೋಡಿಕೊಂಡು ಬರುವ ಅಪ್ಪ-ಅಮ್ಮಂದಿರು ಈಗ ತುಂಬಾ ಜನ. ಹಾಗಂತ ಒಂದು ಡಯಾಗ್ನೋಸಿಸ್ ಯಾವ ಅಧಿಕೃತ ಪಟ್ಟಿಯಲ್ಲೂ ಇಲ್ಲ. ಪುಟ್ಟ ಮಗು ದಿನವಿಡೀ ಪರದೆ ನೋಡಿದರೆ ಮಾತು ಹಿಂದೆ ಬೀಳಬಹುದು, ನಿದ್ದೆ ಕೆಡಬಹುದು, ಜೊತೆಗೆ ಆಡುವ ಹೊತ್ತು ಕಡಿಮೆ ಆಗುತ್ತದೆ, ಆದ್ದರಿಂದ ಕಡಿಮೆ ಮಾಡಿ ಅಂತ ನಾನೂ ಹೇಳುತ್ತೇನೆ. ಆದರೆ ಆಟಿಸಂ ಬರುವುದು ಬಹುಪಾಲು ವಂಶವಾಹಿಗಳ ಕಡೆಯಿಂದ. ಐದು ದೇಶಗಳ ಸುಮಾರು 20 ಲಕ್ಷ ಮಕ್ಕಳ ದಾಖಲೆ ನೋಡಿ 2019ರಲ್ಲಿ ಮಾಡಿದ ಅಂದಾಜು, ವ್ಯತ್ಯಾಸದ ಶೇ 80ರಷ್ಟು ಅನುವಂಶಿಕ ಅಂತ. ಮೊಬೈಲ್ ಕಿತ್ತುಕೊಂಡು ಆರು ತಿಂಗಳು ಕಾಯುವವರು ಆ ಆರು ತಿಂಗಳು ಯಾವ ಸಹಾಯವೂ ಇಲ್ಲದೆ ಕಳೆಯುತ್ತಾರೆ. ನನಗೆ ಬೇಜಾರಾಗೋದು ಅದು.

ಇನ್ನು ಡೈಲಾಗ್. ಕೇಳಿದ್ದನ್ನೇ ಮತ್ತೆ ಹೇಳುವುದಕ್ಕೆ ಎಕೋಲೇಲಿಯಾ ಅನ್ನುತ್ತಾರೆ. ಅದು ಸುಮ್ನೆ ಗಿಳಿಪಾಠ ಅಲ್ಲ. "ನೀರು ಬೇಕಾ?" ಅಂತ ನಿಮ್ಮ ಮಗಳು ಹೇಳಿದರೆ ಬಹಳ ಸಲ ಅದರ ಅರ್ಥ "ಬೇಕು" ಅಂತಲೇ. ನೀವು ಅವಳ ಪರವಾಗಿ "ನನಗೆ ನೀರು ಬೇಕು" ಅಂತ ಹೇಳಿ ನೀರು ಕೊಡಿ. ಆ ವಾಕ್ಯವನ್ನೂ ಎತ್ತಿಕೊಳ್ಳುತ್ತಾಳೆ.

ತುಂತುರು
@ಮಾತಿನ ಕೋಣೆ ಇದನ್ನು ಇಷ್ಟು ಸರಳವಾಗಿ ನನಗೆ ಯಾರೂ ಹೇಳಿರಲಿಲ್ಲ. ಇನ್ನೊಂದು ಪ್ರಶ್ನೆ, ಮಾತಾಡುತ್ತಾಳೆ, ನಗುತ್ತಾಳೆ ಅಂತಲೇ ಮೊದಲ ಡಾಕ್ಟರು ಏನೂ ಇಲ್ಲ ಅಂತ ಕಳಿಸಿದ್ದರು. ಹುಡುಗಿಯರಲ್ಲಿ ಗೊತ್ತಾಗಲ್ವಾ?

ಮಾತಿನ ಕೋಣೆ
ತಡವಾಗಿ ಗೊತ್ತಾಗುತ್ತದೆ. ಲೆಕ್ಕದಲ್ಲಿ ಮೂರು-ನಾಲ್ಕು ಹುಡುಗರಿಗೆ ಒಬ್ಬ ಹುಡುಗಿ ಅಂತ ಬರುತ್ತದೆ, ಅದರಲ್ಲಿ ಒಂದಷ್ಟು ನಿಜ, ಒಂದಷ್ಟು ನಮ್ಮ ಕಣ್ಣಿನ ದೋಷ. ಹುಡುಗ ಚಕ್ರ ತಿರುಗಿಸುತ್ತಾ ಕೂತರೆ ಎಲ್ಲರೂ ನೋಡುತ್ತಾರೆ. ಹುಡುಗಿ ಗೊಂಬೆಗಳನ್ನು ಸಾಲಾಗಿ ಜೋಡಿಸಿದರೆ "ಎಷ್ಟು ಅಚ್ಚುಕಟ್ಟು" ಅನ್ನುತ್ತಾರೆ. ರಕ್ತ ಪರೀಕ್ಷೆ, ಸ್ಕ್ಯಾನ್ ಯಾವುದರಲ್ಲೂ ಆಟಿಸಂ ಕಾಣುವುದಿಲ್ಲ. ಮಗು ಹೇಗೆ ಆಡುತ್ತದೆ ಅಂತ ನೋಡಿ, ಮನೆಯವರನ್ನು ಕೇಳಿಯೇ ತಿಳಿಯಬೇಕು. ಹಾಗಾಗಿ ನೋಡುವವರ ಅನುಭವದ ಮೇಲೆ ತುಂಬಾ ನಿಂತಿದೆ.

ಇದನ್ನು ಓದುತ್ತಿರುವ ಬೇರೆಯವರಿಗೆ: 16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್ ಅಂತ 20 ಪ್ರಶ್ನೆಗಳ ಪಟ್ಟಿ ಇದೆ, ಪೋಷಕರೇ ತುಂಬಬಹುದು. ಅದೇ ಡಯಾಗ್ನೋಸಿಸ್ ಅಂದುಕೊಳ್ಳಬೇಡಿ. ಅದರಲ್ಲಿ ಸಿಕ್ಕಿಬಿದ್ದ ಎಷ್ಟೋ ಮಕ್ಕಳಿಗೆ ಆಟಿಸಂ ಇರುವುದಿಲ್ಲ, ಅದರಲ್ಲಿ ಪಾಸಾದ ಕೆಲವರಿಗೆ ಇರುತ್ತದೆ.

ಚುಕ್ಕಿಬಾಳೆ
ಎಂಎಂಆರ್ ಲಸಿಕೆ ಯಾವಾಗ ಹಾಕಿಸಿದಿರಿ ಅಂತ ಯಾರೂ ಕೇಳಲೇ ಇಲ್ಲ ನೋಡಿ. ದೊಡ್ಡ ಕಂಪನಿಗಳ ವಿಷಯ ಬಂದರೆ ಎಲ್ಲರೂ ಮೌನ.

ಹಳೇ ಗಡಿಯಾರ
ಮೌನ ಏನಿಲ್ಲ, ಹೇಳಿ ಹೇಳಿ ಬಾಯಿ ನೋಯುತ್ತಿದೆ. ಎಂಎಂಆರ್‌ಗೂ ಆಟಿಸಂಗೂ ನಂಟು ಹಾಕಿದ್ದು 1998ರಲ್ಲಿ ಬ್ರಿಟನ್ನಿನ ಡಾಕ್ಟರ್ ಆಂಡ್ರ್ಯೂ ವೇಕ್‌ಫೀಲ್ಡ್ ಬರೆದ ಲೇಖನ, ನೋಡಿದ್ದು 12 ಮಕ್ಕಳನ್ನು. ಲಸಿಕೆ ತಯಾರಕರ ಮೇಲೆ ಕೇಸು ಹಾಕಲು ಹೊರಟಿದ್ದ ವಕೀಲರಿಂದ ಅವರು ಹಣ ಪಡೆದಿದ್ದು ಆಮೇಲೆ ಹೊರಬಿತ್ತು. 2010ರಲ್ಲಿ ಅದನ್ನು ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ಲೇಖನ ವಾಪಸ್ ತೆಗೆಯಿತು, ಅದೇ ವರ್ಷ ಅವರ ಡಾಕ್ಟರಿಕೆಯೂ ಹೋಯಿತು. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ನೋಡಿದ ಅಧ್ಯಯನ 2019ರಲ್ಲಿ ಬಂತು, ಲಸಿಕೆ ಹಾಕಿಸಿದವರಲ್ಲಿ ಆಟಿಸಂ ಜಾಸ್ತಿ ಇರಲಿಲ್ಲ. ದೊಡ್ಡ ಹಣದ ಕಥೆ ಬೇಕು ಅಂದರೆ ಆ ವಕೀಲರ ಕಥೆ ಓದಿ.

ಚುಕ್ಕಿಬಾಳೆ
ಹಾಗಾದರೆ ಗರ್ಭಿಣಿಯರು ತೆಗೆದುಕೊಳ್ಳೋ ಪ್ಯಾರಾಸಿಟಮಾಲ್?

ಹಳೇ ಗಡಿಯಾರ
ಸ್ವೀಡನ್, 2024, ಸುಮಾರು 25 ಲಕ್ಷ ಮಕ್ಕಳು. ಒಂದೇ ತಾಯಿಯ ಮಕ್ಕಳನ್ನು ಅವರವರಲ್ಲೇ ಹೋಲಿಸಿದಾಗ ಸಂಬಂಧ ಕಾಣಲಿಲ್ಲ. ಮುಂದಿನದು ಕೇಳಿ, ಕಾಯ್ತಾ ಇದ್ದೀನಿ.

ಎರಡನೇ ಬೆಂಚು
ಅಣ್ಣಾ, ಅವರು ಕೇಳಿದ್ದು ಯಾರಿಗೆ ಹೇಳೋದು ಅಂತ 😄

ಕಿವಿಗೆ ಹತ್ತಿ
ನಾನೇ ಆಟಿಸ್ಟಿಕ್. ಮೂವತ್ತು ದಾಟಿದ ಮೇಲೆ ಗೊತ್ತಾಯಿತು. ಹಣೆಪಟ್ಟಿ ಬೇಡ ಅನ್ನುವವರಿಗೆ ಒಂದು ಮಾತು. ನನಗೆ ಡಾಕ್ಟರು ಕೊಟ್ಟ ಹೆಸರು ಇರಲಿಲ್ಲ ಅಷ್ಟೆ, ಜನ ಕೊಟ್ಟ ಹೆಸರುಗಳು ಬೇಕಾದಷ್ಟಿದ್ದವು. ಸೊಕ್ಕಿನವಳು, ಮೊಂಡಿ, ಮುಖ ಕೊಟ್ಟು ಮಾತಾಡದವಳು. ಆ ಹೆಸರುಗಳಿಗಿಂತ ಈ ಹೆಸರು ಎಷ್ಟೋ ವಾಸಿ.

ಆದರೆ ಎಲ್ಲರಿಗೂ ಹೇಳಿ ಅನ್ನೋದನ್ನೂ ನಾನು ಒಪ್ಪಲ್ಲ. ಇದು ಅವಳ ವಿಷಯ. ನಾಳೆ ಹದಿನೈದು ವರ್ಷದವಳಾದಾಗ ಪಕ್ಕದ ಮನೆಯ ಹುಡುಗನಿಗೂ ತನ್ನ ರಿಪೋರ್ಟ್ ಗೊತ್ತು ಅಂದರೆ ಹೇಗನ್ನಿಸುತ್ತದೆ? ಅವಳು ಕಿರುಚುತ್ತಿರುವ ವಿಡಿಯೋ ಹಾಕಿ "ಜಾಗೃತಿ" ಮೂಡಿಸುವ ಅಮ್ಮಂದಿರ ಗುಂಪಿಗೆ ಮಾತ್ರ ದಯವಿಟ್ಟು ಸೇರಬೇಡಿ. ಅವಳ ಎದುರಿಗೇ, ಅವಳಿಗೆ ಕೇಳಿಸಲ್ಲ ಅನ್ನೋ ಹಾಗೆ ಅವಳ ಬಗ್ಗೆ ಮಾತಾಡಬೇಡಿ. ನಮಗೆ ಎಲ್ಲಾ ಕೇಳಿಸುತ್ತದೆ, ಸ್ವಲ್ಪ ಜಾಸ್ತಿಯೇ ಕೇಳಿಸುತ್ತದೆ.

ಮೊಟ್ಟಮೊದಲು ಹೇಳಬೇಕಾದ್ದು ಅವಳಿಗೇ. ಈಗ ಬೇಡ, ಆದರೆ ಬೇರೆಯವರ ಬಾಯಿಂದ ಕೇಳುವ ಮೊದಲು.

ಒಂಟಿ ಸೈಕಲ್
ಮಗನಿಗೆ 14. ಮಾತಿಲ್ಲ. ನಮಗೆ ಹೇಳೋದಾ ಬೇಡ್ವಾ ಅನ್ನೋ ಆಯ್ಕೆಯೇ ಇರಲಿಲ್ಲ, ನೋಡಿದವರಿಗೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ನಾವು ಇಡೀ ಬೀದಿಗೆ ಹೇಳಿದ್ದೇವೆ, ಫೋಟೋ ಕೊಟ್ಟಿದ್ದೇವೆ. ಯಾಕೆ ಅಂದರೆ ಅವನು ಬಾಗಿಲು ತೆರೆದಿದ್ದರೆ ಹೊರಟುಬಿಡುತ್ತಾನೆ, ನೀರು ಕಂಡರೆ ಸೀದಾ ಅದರ ಕಡೆಗೆ. 2012ರಲ್ಲಿ ಅಮೆರಿಕದಲ್ಲಿ ಒಂದು ಸಮೀಕ್ಷೆ ಬಂದಿತ್ತು, ನಾಲ್ಕು ವರ್ಷ ದಾಟಿದ ಮೇಲೂ ಒಂದು ಸಲವಾದರೂ ಹೀಗೆ ತಪ್ಪಿಸಿಕೊಳ್ಳಲು ನೋಡಿದ ಮಕ್ಕಳು ಹತ್ತಿರಹತ್ತಿರ ಅರ್ಧದಷ್ಟು. ನಮ್ಮ ಬೀದಿಯ ಕೊನೆಯ ಅಂಗಡಿಯವರು ಇವನನ್ನು ಕೂರಿಸಿಕೊಂಡು ಫೋನ್ ಮಾಡಿದ್ದು ಅವರಿಗೆ ವಿಷಯ ಗೊತ್ತಿತ್ತು ಅಂತ. @ಕಿವಿಗೆ ಹತ್ತಿ ಅವರೇ, ನಿಮ್ಮ ಗೌಪ್ಯತೆಯ ಮಾತು ದೊಡ್ಡದೇ. ನಮ್ಮಂಥವರಿಗೆ ಅದು ಐಷಾರಾಮ.

ಕಿವಿಗೆ ಹತ್ತಿ
ಜೀವದ ಪ್ರಶ್ನೆ ಬಂದರೆ ಹೇಳಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬೀದಿಯವರಿಗೆ "ಇವನು ಒಬ್ಬನೇ ಕಂಡರೆ ನಮಗೆ ಫೋನ್ ಮಾಡಿ, ನೀರಿನ ಹತ್ತಿರ ಬಿಡಬೇಡಿ" ಅಂತ ಹೇಳಿದರೆ ಸಾಕಾಗುತ್ತಿತ್ತಲ್ವಾ?

ಒಂಟಿ ಸೈಕಲ್
ಹೇಳಿದ್ದೆವು. "ಯಾಕೆ?" ಅಂತ ಕೇಳಿದರು. ಯಾಕೆ ಅಂತ ಹೇಳದಿದ್ದರೆ ಅಪ್ಪ-ಅಮ್ಮ ಬೇಜವಾಬ್ದಾರಿ ಅಂದುಕೊಂಡು ಸುಮ್ಮನಾಗುತ್ತಾರೆ. ಮತ್ತೆ ಇನ್ನೊಂದು. ಆಟಿಸಂ ಒಂದು ಬೇರೆ ಥರದ ಮನಸ್ಸು ಅಷ್ಟೆ, ಸಂಭ್ರಮಿಸಿ ಅಂತ ಬರೆಯುವವರನ್ನು ಓದಿದಾಗ ನನಗೆ ಮೈ ಉರಿಯುತ್ತದೆ. ನನ್ನ ಮಗ ತನ್ನ ಕೈ ತಾನೇ ಕಚ್ಚಿಕೊಳ್ಳುವುದರಲ್ಲಿ ಸಂಭ್ರಮ ಏನಿದೆ?

ಕಿವಿಗೆ ಹತ್ತಿ
ನಾನು ಸಂಭ್ರಮಿಸಿ ಅಂತ ಎಲ್ಲೂ ಬರೆದಿಲ್ಲ. ಅವನಿಗೆ ನೋವಾಗುತ್ತಿದ್ದರೆ, ನಿದ್ದೆ ಬರದಿದ್ದರೆ, ಹೊಟ್ಟೆ ನೋವು ಹೇಳಿಕೊಳ್ಳೋಕೆ ಆಗದಿದ್ದರೆ ಅದಕ್ಕೆಲ್ಲ ಸಹಾಯ ಬೇಕೇ ಬೇಕು. ಕೈ ಆಡಿಸುವುದನ್ನು, ಕಣ್ಣು ತಪ್ಪಿಸುವುದನ್ನು "ಸರಿ ಮಾಡೋದು" ಬೇಡ ಅನ್ನುವುದಷ್ಟೇ ನನ್ನ ವಾದ. ಇವೆರಡೂ ಒಂದೇ ಅಲ್ಲ.

ಒಂಟಿ ಸೈಕಲ್
ಅಷ್ಟಕ್ಕೆ ಒಪ್ಪಿದೆ. ಹಲ್ಲುನೋವಿಗೂ ಅವನು ಕಚ್ಚಿಕೊಂಡಿದ್ದಾನೆ, ಅದು ತಿಳಿಯೋಕೆ ನಮಗೆ ವಾರಗಳೇ ಹಿಡಿದವು. ಈಗ ಟ್ಯಾಬ್ಲೆಟ್‌ನಲ್ಲಿ ಚಿತ್ರ ಒತ್ತಿ ಹೇಳುತ್ತಾನೆ.

ಜೇನುಗೂಡು
ಟ್ಯಾಬ್ಲೆಟ್ ಕೊಟ್ಟರೆ ಮಾತು ಇನ್ನೂ ಬರಲ್ಲ ಅಲ್ವಾ?

ಮಾತಿನ ಕೋಣೆ
ಬರುವ ಮಾತನ್ನು ಅದು ತಡೆಯುವುದಿಲ್ಲ. ಚಿತ್ರ, ಸಾಧನ ಬಳಸಿದ ಮಕ್ಕಳಲ್ಲಿ ಮಾತು ಅಷ್ಟೇ ಇರುತ್ತದೆ ಅಥವಾ ಸ್ವಲ್ಪ ಹೆಚ್ಚುತ್ತದೆ ಅಂತಲೇ ಅಧ್ಯಯನಗಳು ಹೇಳುತ್ತವೆ.

ನೇರಮಾತು
@ಒಂಟಿ ಸೈಕಲ್ ನಿಮ್ಮ ಮಗನಿಗೆ ಡಯಾಗ್ನೋಸಿಸ್ ಅಗತ್ಯ, ಒಪ್ಪುತ್ತೇನೆ. ಆದರೆ ಮಾತಾಡುವ ಹುಡುಗಿಗೂ ಅದೇ ಹೆಸರು, ಮೂವತ್ತು ದಾಟಿದವರಿಗೂ ಅದೇ ಹೆಸರು ಅಂದರೆ ಆ ಹೆಸರಿಂದ ಏನು ತಿಳಿದ ಹಾಗಾಯಿತು? ನಿಮ್ಮ ಮಗನ ಪಾಲಿನ ಗಮನವೇ ಕಡಿಮೆ ಆಗಲ್ವಾ?

ಒಂಟಿ ಸೈಕಲ್
ಈ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಉತ್ತರ ನನ್ನ ಹತ್ತಿರ ಇಲ್ಲ.

ಸೀಮೆಸುಣ್ಣ
ನಾನು ನರ್ಸರಿ ಟೀಚರ್. ಸ್ಕೂಲಿಗೆ ಹೇಳಿ ಅಂತ ಹೇಳೋಕೆ ಬಂದೆ. ಹೇಳದೇ ಬಂದ ಮಕ್ಕಳಿಗೆ ಏನಾಗುತ್ತದೆ ಅಂತ ನೋಡಿದ್ದೇನೆ. ಬೆಲ್ ಹೊಡೆದ ತಕ್ಷಣ ಮಗು ಮೇಜಿನ ಕೆಳಗೆ ಹೋದರೆ ಟೀಚರ್‌ಗೆ ಅದು ತುಂಟತನ. ಗದರುತ್ತಾರೆ. ಮಗು ಇನ್ನೂ ಒಳಗೆ ಸರಿಯುತ್ತದೆ. ತಿಂಗಳಾಗುವಷ್ಟರಲ್ಲಿ ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗುವುದಿಲ್ಲ.

ಆದರೆ ಮೂವತ್ತು ಪುಟದ ರಿಪೋರ್ಟ್ ಕೊಡಬೇಡಿ, ಯಾರೂ ಓದಲ್ಲ. ಒಂದೇ ಪುಟ ಬರೆದುಕೊಡಿ. ಯಾವ ಶಬ್ದ ಆಗುವುದಿಲ್ಲ, ಸುಸ್ತಾದಾಗ ಏನು ಮಾಡುತ್ತಾಳೆ, ಆಗ ಏನು ಮಾಡಿದರೆ ಸಮಾಧಾನ, ಏನು ಮಾಡಲೇಬಾರದು, ಟಾಯ್ಲೆಟ್‌ಗೆ ಹೇಗೆ ಕೇಳುತ್ತಾಳೆ. ಕೊನೆಯದು ಮರೆಯಬೇಡಿ.

ತುಂತುರು
ಅಡ್ಮಿಷನ್‌ಗೆ ಮೊದಲಾ, ಆಮೇಲಾ? ಮೊದಲೇ ಹೇಳಿದರೆ ಸೀಟ್ ಇಲ್ಲ ಅಂತಾರೆ ಅನ್ನೋದು ನನ್ನ ಗಂಡನ ವಾದ.

ಸೀಮೆಸುಣ್ಣ
ಹೇಳಿದರೆ ಕೆಲವರು ಅನ್ನುತ್ತಾರೆ, ಸುಳ್ಳು ಹೇಳಲ್ಲ. ಆದರೆ ಹೆಸರು ಕೇಳಿಯೇ ಬೇಡ ಅನ್ನುವ ಸ್ಕೂಲಿನಲ್ಲಿ ಬಚ್ಚಿಟ್ಟು ಸೇರಿಸಿದರೆ ಅವಳನ್ನು ನೋಡಿಕೊಳ್ಳುವವರು ಯಾರು? ಮೊದಲೇ ಹೇಳಿ, ಅವರ ಮುಖ ನೋಡಿ.

ಎರಡನೇ ಬೆಂಚು
ನಮ್ಮ ಅಕ್ಕ ಆಮೇಲೆ ಹೇಳಿದಳು. "ಮೊದಲೇ ಯಾಕೆ ಹೇಳಲಿಲ್ಲ" ಅನ್ನೋ ಒಂದು ಮಾತು ಹಿಡಿದುಕೊಂಡು ವರ್ಷಪೂರ್ತಿ ಆಡಿದರು.

ತುಂತುರು
ಇನ್ನೊಂದು. ಒಂದು ಸೆಂಟರ್‌ನವರು ವಾರಕ್ಕೆ 40 ಗಂಟೆ ಎಬಿಎ (ನಡವಳಿಕೆ ತಿದ್ದುವ ಥೆರಪಿ) ಮಾಡಿಸಿದರೆ ಆರನೇ ವರ್ಷಕ್ಕೆ "ನಾರ್ಮಲ್" ಅಂತ ಹೇಳಿದರು. ನಾಲ್ಕು ವರ್ಷದವಳಿಗೆ 40 ಗಂಟೆ! ಅದು ನನ್ನ ಆಫೀಸ್ ಟೈಮ್.

ಹಳೇ ಗಡಿಯಾರ
ಆ 40 ಗಂಟೆ ಬಂದದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಐವರ್ ಲೊವಾಸ್ 1987ರಲ್ಲಿ ಬರೆದ ಅಧ್ಯಯನದಿಂದ. 19 ಮಕ್ಕಳು, ಅದರಲ್ಲಿ 9 ಜನ ಸಾಮಾನ್ಯ ಮಕ್ಕಳ ಹಾಗಾದರು ಅಂತ ಬರೆದರು. ಮಕ್ಕಳನ್ನು ಗುಂಪಿಗೆ ಚೀಟಿ ಎತ್ತಿದ ಹಾಗೆ ಹಂಚಿರಲಿಲ್ಲ. ಗದರುವುದು, ತೊಡೆಗೆ ಹೊಡೆಯುವುದೂ ಆ ಚಿಕಿತ್ಸೆಯ ಭಾಗವಾಗಿತ್ತು. ಸೆಂಟರ್‌ನವರು 9ನ್ನು ಹೇಳುತ್ತಾರೆ, ಹೊಡೆತವನ್ನು ಹೇಳುವುದಿಲ್ಲ.

ಮಾತಿನ ಕೋಣೆ
ಈಗಿನ ಎಬಿಎ ಎಲ್ಲಾ ಹಾಗಿಲ್ಲ, ಆಟದ ಜೊತೆ ಬೆರೆಸಿ ಮಾಡುವವರೂ ಇದ್ದಾರೆ. ಆದರೆ "ನಾರ್ಮಲ್ ಮಾಡಿಕೊಡುತ್ತೇವೆ" ಅಂತ ಗ್ಯಾರಂಟಿ ಕೊಡುವವರಿಂದ ಎದ್ದು ಬನ್ನಿ, ಅವರು ಯಾವ ಥೆರಪಿ ಮಾಡುತ್ತಿದ್ದರೂ ಸರಿ. ಬ್ರಿಟನ್‌ನಲ್ಲಿ ಪ್ಯಾಕ್ಟ್ ಅಂತ ಒಂದು ಕ್ರಮ ಇದೆ. ಅಪ್ಪ-ಅಮ್ಮ ಮಗುವಿನ ಜೊತೆ ಆಡುವ ವಿಡಿಯೋ ತೆಗೆದು, ಥೆರಪಿಸ್ಟ್ ಜೊತೆ ಕೂತು ನೋಡುತ್ತಾರೆ. ಎಲ್ಲಿ ಮಗು ನಿಮ್ಮ ಕಡೆ ತಿರುಗಿತು, ನೀವು ಎಲ್ಲಿ ಅವಸರ ಮಾಡಿದಿರಿ ಅಂತ. ಆ ಮಕ್ಕಳನ್ನು ಸುಮಾರು ಆರು ವರ್ಷ ಆದ ಮೇಲೆ ಮತ್ತೆ ನೋಡಿ 2016ರಲ್ಲಿ ಬರೆದರು. ಪರಿಣಾಮ ಸಾಧಾರಣ, ಆದರೆ ಉಳಿದಿತ್ತು.

ಜೇನುಗೂಡು
ಸ್ಟೆಮ್ ಸೆಲ್ ಮಾಡಿಸಿದರೆ ಪೂರ್ತಿ ಗುಣ ಅಂತ ಜಾಹೀರಾತು ಬರ್ತಾ ಇದೆಯಲ್ಲ?

ಒಂಟಿ ಸೈಕಲ್
ಬರುತ್ತೆ. ಮನೆ ಮಾರೋ ಅಷ್ಟು ದುಡ್ಡು ಕೇಳುತ್ತಾರೆ, ಕೆಲಸ ಮಾಡುತ್ತೆ ಅನ್ನೋಕೆ ಆಧಾರ ಇಲ್ಲ. ನಮಗೆ ಪರಿಚಯದವರೊಬ್ಬರು ಕೀಲೇಶನ್ ಮಾಡಿಸಿ, ಮೈಯಲ್ಲಿರೋ ಲೋಹ ಹೋದರೆ ಮಾತು ಬರುತ್ತೆ ಅಂದಿದ್ದರು. 2005ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಐದು ವರ್ಷದ ಹುಡುಗ ಅದನ್ನು ಮಾಡಿಸುವಾಗಲೇ ಸತ್ತ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದುಹೋಯಿತು. ನಾವು ಬೇಡ ಅಂದಾಗ "ಮಗನ ಮೇಲೆ ಪ್ರೀತಿ ಇದ್ದಿದ್ದರೆ ಮಾಡಿಸುತ್ತಿದ್ದಿರಿ" ಅಂದರು. ಪ್ರೀತಿಯ ಮಾತು ಎತ್ತಿ ಮಾರುತ್ತಾರಲ್ಲ, ಅದು ನನಗೆ ಇನ್ನೂ ಹೋಗಿಲ್ಲ.

ನಿಜವಾದ ಔಷಧಿಯೂ ಇದೆ, ಆದರೆ ಆಟಿಸಂಗೆ ಅಲ್ಲ. ಅತಿಯಾದ ಸಿಟ್ಟು, ತನಗೆ ತಾನೇ ಗಾಯ ಮಾಡಿಕೊಳ್ಳೋದಕ್ಕೆ ರಿಸ್ಪೆರಿಡೋನ್ ಕೊಡುತ್ತಾರೆ. ನಮ್ಮವನಿಗೆ ಸಿಟ್ಟು ಇಳಿಯಿತು, ತೂಕ ಏರಿತು.

ಮುತ್ತಜ್ಜಿಯಾಗುವಾಸೆ
ಈ ಚರ್ಚೆಯಲ್ಲಿ ನಾನೇ ಹಿರಿಯಳು ಅನ್ನಿಸುತ್ತದೆ. ನನ್ನ ಮೊಮ್ಮಗನಿಗೂ ಇದೆ. ತುಂತುರು, ನಿಮ್ಮ ಅತ್ತೆಯ ಪರವಾಗಿ ಎರಡು ಮಾತು. ನಮ್ಮ ಕಾಲದಲ್ಲಿ ಮಗು ಹೀಗಿದ್ದರೆ ಮೊದಲು ಬೆರಳು ಹೋಗುತ್ತಿದ್ದದ್ದು ತಾಯಿಯ ಕಡೆಗೆ. ದೊಡ್ಡ ದೊಡ್ಡ ಓದಿದವರೇ ಹಾಗೆ ಹೇಳುತ್ತಿದ್ದರು. ತಾಯಿಗೆ ಪ್ರೀತಿ ಇಲ್ಲ, ತಣ್ಣಗಿದ್ದಾಳೆ, ಅದಕ್ಕೇ ಮಗು ಮುದುಡಿಕೊಂಡಿದೆ ಅಂತ. ಬ್ರೂನೊ ಬೆಟಲ್‌ಹೈಮ್ 1967ರಲ್ಲೂ ಅದನ್ನೇ ಬರೆದರು, ಅದಕ್ಕೂ ಮೂರು ವರ್ಷ ಮುಂಚೆ ಬರ್ನಾರ್ಡ್ ರಿಮ್ಲ್ಯಾಂಡ್ ಇದು ಮಿದುಳಿನ ವಿಷಯ, ತಾಯಿಯದ್ದಲ್ಲ ಅಂತ ಬರೆದಿದ್ದರೂ. ರಿಮ್ಲ್ಯಾಂಡ್‌ಗೂ ಅಂಥ ಮಗ ಇದ್ದ. 1977ರಲ್ಲಿ ಇದು ಅನುವಂಶಿಕ ಅಂತ ತೋರಿಸಿದ ಅವಳಿಗಳ ಅಧ್ಯಯನ ಬಂದ ಮೇಲೆ ಆ ಮಾತು ಪುಸ್ತಕದಿಂದ ಹೋಯಿತು, ಜನರ ಬಾಯಿಂದ ಹೋಗಲಿಲ್ಲ.

ನಿಮ್ಮ ಅತ್ತೆ ಮೊಮ್ಮಗಳಿಗಾಗಿ ಮಾತ್ರ ಹೆದರುತ್ತಿಲ್ಲ, ನಿಮ್ಮ ಮೇಲೆ ಮಾತು ಬರುತ್ತದೆ ಅಂತಲೂ ಇರಬಹುದು. ಒಂದು ಸಲ ಕೇಳಿ ನೋಡಿ.

ನೇರಮಾತು
ಅಥವಾ ತಮ್ಮ ಮನೆತನದ ಮೇಲೆ ಬರುತ್ತೆ ಅಂತ. ಅನುವಂಶಿಕ ಅಂತ ಮೇಲೆ ಹೇಳಿದ್ರಲ್ಲ.

ಮುತ್ತಜ್ಜಿಯಾಗುವಾಸೆ
ಅದೂ ಇರಬಹುದಪ್ಪ. ಎರಡೂ ಒಟ್ಟಿಗೇ ಇರಬಹುದು.

ತುಂತುರು ಗಂಡ
ನಾನೇ ಆ ಗಂಡ. ಲಿಂಕ್ ಅವಳೇ ಕಳಿಸಿದಳು. ನಾನು ಯಾರಿಗೂ ಹೇಳಬೇಡ ಅಂದದ್ದು ನಾಚಿಕೆಗೆ ಅಂತ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದೀರಿ. ಈ ಚರ್ಚೆಯನ್ನೇ ಮೇಲಿಂದ ಓದಿ. ಯಾರಿಗೆ ಹೇಳಬೇಕು ಅಂತ ಒಂದು ಪ್ರಶ್ನೆ ಕೇಳಿದ್ದಕ್ಕೆ ಮೊಬೈಲ್, ಲಸಿಕೆ, ಮಾತ್ರೆ, ಸ್ಟೆಮ್ ಸೆಲ್, ನಮ್ಮ ಮನೆತನ ಎಲ್ಲಾ ಬಂದು ಹೋಯಿತು. ಇಲ್ಲಿ ನಾವು ಯಾರು ಅಂತ ಗೊತ್ತಿಲ್ಲದವರೇ ಇಷ್ಟು ಮಾತಾಡಿದರೆ, ಗೊತ್ತಿರುವವರು ದಿನಾ ಮನೆಗೆ ಬಂದು ಮಾತಾಡುತ್ತಾರೆ. ನನಗೆ ಅದಕ್ಕೆ ಶಕ್ತಿ ಇಲ್ಲ. ಆ ಶಕ್ತಿ ಮಗಳ ಜೊತೆ ಆಡೋಕೆ ಇರಲಿ ಅಂತ.

ಹಳೇ ಗಡಿಯಾರ
😶

ಎರಡನೇ ಬೆಂಚು
ಅಣ್ಣ ಹೇಳಿದ್ದರಲ್ಲಿ ತೂಕ ಇದೆ.

ಕಿವಿಗೆ ಹತ್ತಿ
ಇದ್ದಿದ್ದರಲ್ಲಿ ಒಳ್ಳೆಯ ಕಾರಣ ನಿಮ್ಮದೇ. ಹಾಗಾದರೆ ಹೆಸರು ಹೇಳಬೇಡಿ, ಬೇಕಾದ್ದನ್ನು ಹೇಳಿ. ಪಾರ್ಕಿನಲ್ಲಿ "ಶಬ್ದ ಜಾಸ್ತಿ ಆಯ್ತು, ಸ್ವಲ್ಪ ಜಾಗ ಬಿಡಿ" ಅಷ್ಟೇ. ಅಪರಿಚಿತರಿಗೆ ಅದಕ್ಕಿಂತ ಜಾಸ್ತಿ ಬೇಕಾಗಿಲ್ಲ. ಸ್ಕೂಲಿಗೆ ಮಾತ್ರ ಹೆಸರೂ ಬೇಕು.

ತುಂತುರು ಗಂಡ
ಸ್ಕೂಲಿನ ವಿಷಯದಲ್ಲಿ ನನಗೆ ಇನ್ನೂ ಅನುಮಾನ ಇದೆ. ಆದರೆ ಒಂದು ಪುಟ ಬರೆಯೋಣ ಅಂತ ಇದ್ದೇವೆ, ಕೊಡೋದು ಯಾವಾಗ ಅಂತ ಆಮೇಲೆ ಜಗಳ ಆಡುತ್ತೇವೆ.

ತುಂತುರು
ಜಗಳ ಶುರುವಾಗಿದೆ 🙂 @ಸೀಮೆಸುಣ್ಣ ಕಿವಿ ಮುಚ್ಚುವ ಹೆಡ್‌ಫೋನ್ ಇರುತ್ತಲ್ಲ, ಶಬ್ದ ತಡೆಯೋದು, ಅದನ್ನು ಕ್ಲಾಸಿನಲ್ಲಿ ಹಾಕಿಕೊಳ್ಳೋಕೆ ಬಿಡುತ್ತೀರಾ? ಬೇರೆ ಮಕ್ಕಳು ಕಿತ್ತುಕೊಳ್ಳಲ್ವಾ?

ಸೀಮೆಸುಣ್ಣ
ನಾನು ಬಿಡುತ್ತೇನೆ. ಮೊದಲ ವಾರ ಎಲ್ಲರಿಗೂ ಅದೇ ಬೇಕು, ಅದಕ್ಕೆ ನಾನು ಒಂದು ಜೊತೆ ಎಕ್ಸ್‌ಟ್ರಾ ಇಟ್ಟಿದ್ದೇನೆ, ಒಂದೊಂದು ಸಲ ಹಾಕಿ ನೋಡಿ ಬೇಜಾರಾಗಿ ವಾಪಸ್ ಕೊಡುತ್ತಾರೆ. ಹೆಸರು ಬರೆದು ಕಳಿಸಿ, ಕಳೆದುಹೋಗುತ್ತದೆ. ಮನೆಯಲ್ಲಿ ಮೊದಲು ಅಭ್ಯಾಸ ಮಾಡಿಸಿ, ಕೆಲವು ಮಕ್ಕಳಿಗೆ ತಲೆ ಒತ್ತಿದರೇ ಆಗುವುದಿಲ್ಲ.